ಸೀಟಿ ಹೊಡೆಯದ ವಿಯೆಟ್ನಾಂ ಸೂಪು

ಭಾನುವಾರ ಬೆಳಿಗ್ಗೆ ಹನ್ನೊಂದು ಗಂಟೆ ಇಪ್ಪತ್ತು ನಿಮಿಷಕ್ಕೆ ನಮ್ಮ ಮನೆಯ ಕುಕ್ಕರು ಸೀಟಿ ಹೊಡೆಯಬೇಕಿತ್ತು. ಹೊಡೆಯಲಿಲ್ಲ. ಅದನ್ನು ನಾನು ಕುಕ್ಕರಿನ ಸಭ್ಯತೆ ಎಂದು ಭಾವಿಸಿದೆ. ಮನೆಯಲ್ಲಿ ಪರದೇಶದ ಹುಡುಗಿ ಇದ್ದಾಳೆ, ಅವಳೆದುರು ಕಿರುಚುವುದು ಬೇಡವೆಂದು ಸುಮ್ಮನಿರಬಹುದು!

ಆ ಹುಡುಗಿಯ ಹೆಸರು ಲಿಯೆನ್. ಊರು ವಿಯೆಟ್ನಾಂ. ತೊಗರಿಯ ಮೇಲೆ ಸಂಶೋಧನೆ ಮಾಡಲು ಅಷ್ಟು ದೂರದಿಂದ ಕಲಬುರ್ಗಿಗೆ ಬಂದು, ಕುಸನೂರಿನ ನಮ್ಮ ಮನೆಯ ಮಾಳಿಗೆ ಕೋಣೆಯಲ್ಲಿ ಬಾಡಿಗೆಗಿದ್ದಳು. ತೊಗರಿ ಗಿಡದ ಬಗ್ಗೆ ಅವಳಿಗೆ ಅಪಾರ ಪ್ರೀತಿ. ತೊಗರಿ ಬೇಳೆಯ ಬಗ್ಗೆ ಮಾತ್ರ ಇಲ್ಲ. ತಟ್ಟೆಯಲ್ಲಿ ರೊಟ್ಟಿ, ಬ್ಯಾಳಿ ಇಟ್ಟರೆ ಕೈಮುಗಿದು ಎರಡು ತುತ್ತು ತಿಂದು, ಕಿಟಕಿಯ ಕಡೆ ನೋಡುತ್ತ ಕುಳಿತುಬಿಡುತ್ತಿದ್ದಳು. ದಿನದಿನಕ್ಕೂ ಸೊರಗಿ, ಕಡೆಗೊಂದು ದಿನ ಮುರುಕು ಇಂಗ್ಲಿಷು, ಮುರುಕು ಕನ್ನಡ ಸೇರಿಸಿ ಹೇಳಿಯೇಬಿಟ್ಟಳು:

“ಟೀಚರ್, ಈ ತಿಂಗಳು ಮುಗಿದರೆ ನಾನು ಊರಿಗೆ ಹೋಗ್ತೀನಿ. ಓದು ಸಾಕು.”

“ಯಾಕವ್ವಾ?”

ಅವಳು ಎರಡೂ ಕೈ ಬಟ್ಟಲಿನಂತೆ ಹಿಡಿದು ಅದರ ಮೇಲೆ ಮುಖ ಬಾಗಿಸಿದಳು. “ಫೋ,” ಎಂದಳು. ಅವರ ದೇಶದ ಸೂಪು. ಅವಳ ಅಮ್ಮ ಬೆಳಗಾಗೆದ್ದು ಮಾಡುತ್ತಿದ್ದುದು. ಅದರ ಹಬೆ ಮುಖಕ್ಕೆ ತಾಗಿದರೆ ಮಾತ್ರ ಅವಳಿಗೆ ಬೆಳಗಾಗುತ್ತಿತ್ತಂತೆ. ಇಲ್ಲಿ ಬಂದ ಮೇಲೆ ಸರಿಯಾಗಿ ಬೆಳಗಾಗಿಯೇ ಇಲ್ಲ.

ನಮಗೆ ಮಕ್ಕಳಿಲ್ಲ. ಮಾಳಿಗೆಯ ಮೇಲೆ ಅವಳ ಚಪ್ಪಲಿ ಸದ್ದಾದರೆ ಮನೆಯಲ್ಲಿ ಯಾರೋ ಇದ್ದಾರೆ ಅನ್ನಿಸುತ್ತಿತ್ತು. ನಾನು ಎದೆಯುಬ್ಬಿಸಿ ಘೋಷಿಸಿದೆ: “ಕಲಬುರ್ಗಿ ಅಂದ್ರ ಏನು ಹಳ್ಳಿ ಅಂದ್ಕೊಂಡಿಯೇನು? ದೊಡ್ಡ ಶಹರ ಅದ. ಇಲ್ಲಿ ಸಿಗಲಾರದ್ದು ಏನದ?”

ನನ್ನ ಗಂಡ ಶರಣಪ್ಪ ಪೇಪರಿನಿಂದ ತಲೆ ಎತ್ತದೆ ಕೇಳಿದರು, “ಮೊನ್ನೆ ನನಗ ಒಂದು ಛತ್ರಿ ಬಟನ್ ಸಿಗಲಿಲ್ಲಲ್ಲ?”

ಇಂಥವರ ಮಾತು ಕೇಳಿದರೆ ದೇಶ ಮುಂದುವರಿಯುವುದಿಲ್ಲ. ಲಿಯೆನ್‌ಳ ಕೈಹಿಡಿದು ಹೊರಟೇಬಿಟ್ಟೆ.

ಆಗಿನ್ನೂ ತೊಂಬತ್ತರ ದಶಕ. ನೂಡಲ್ಸ್ ಎಂದರೆ ಹಳದಿ ಪೊಟ್ಟಣ, ಇಲ್ಲವೇ ಸೂಪರ್ ಮಾರ್ಕೆಟ್ ಎದುರಿನ ಬಂಡಿಯ ಕೆಂಪು ಬಣ್ಣದ ಹಗ್ಗ. ಎರಡನ್ನೂ ಲಿಯೆನ್ ವೈದ್ಯರಂತೆ ಪರೀಕ್ಷಿಸಿ ತಲೆಯಾಡಿಸಿದಳು. ದೊಡ್ಡ ಕಿರಾಣಿ ಅಂಗಡಿಯೊಂದರಲ್ಲಿ ನಾನು ಗಾಂಭೀರ್ಯದಿಂದ ವಿಚಾರಿಸಿದೆ, “ಏಷ್ಯಾ ಖಂಡದ ಸಾಮಾನು ಅದಾವೇನ್ರೀ?”

ಅಂಗಡಿಯವನು ಸುತ್ತ ನೋಡಿದ. “ಎಲ್ಲಾ ಏಷ್ಯಾದ್ದೇ ಅದ ನೋಡ್ರಿ ಅಕ್ಕಾ. ಈ ಬೆಲ್ಲ ಏಷ್ಯಾದ್ದು. ಆ ಕಸಬರಗಿ ಏಷ್ಯಾದ್ದು. ನಾನೂ ಏಷ್ಯಾದವನೇ.”

“ಹಂಗಲ್ರೀ. ಸೂಪಿಗಿ ಹಾಕಾಕ ಮೀನು ಕೊಳೆಸಿ ತೆಗೆದ ನೀರು ಬೇಕಿತ್ತು.”

ಅವನು ಅಗರಬತ್ತಿ ಹಚ್ಚಿ ನನ್ನ ಮುಖದ ಮುಂದೆ ಒಂದು ಸುತ್ತು ತಿರುಗಿಸಿ, ಮುಂದಿನ ಗಿರಾಕಿಯನ್ನು ಕರೆದ.

ಆದರೆ ಮೋಮಿನಪುರದ ಓಣಿಯಲ್ಲಿ ಜಯ ಸಿಕ್ಕಿತು. ಬಿರಿಯಾನಿ ಮಸಾಲೆ ಮಾರುವ ಮುದುಕರೊಬ್ಬರು ನಕ್ಷತ್ರದಂಥ ಒಣಹೂವನ್ನು ಲಿಯೆನ್‌ಳ ಅಂಗೈಯಲ್ಲಿಟ್ಟರು. ಅವಳು ಮೂಸಿದಳು. ಕಣ್ಣಲ್ಲಿ ನೀರು ತುಂಬಿಬಂತು.

“ಅರೇ, ಬಚ್ಚಿ ಕಾಯ್ಕು ರೋರೈ?” ಮುದುಕರು ಅವಳ ಅಳು ಕಂಡು ಗಾಬರಿಯಾದರು. “ಮಾಲ್ ಖರಾಬ್ ಅದ ಏನ್ರೀ?”

“ಇಲ್ರೀ ಚಾಚಾ. ಆಕಿಗಿ ಅವರವ್ವನ ನೆನಪಾತು.”

ಅವರು ಇನ್ನೊಂದು ಹಿಡಿ ಹೂವು ಪೊಟ್ಟಣಕ್ಕೆ ಸುರಿದರು.

ಉಳಿದದ್ದು ಅಕ್ಕಿಯ ನೂಡಲ್ಸ್. ಅದಕ್ಕೆ ಇನ್ನೊಂದು ದಿನ ಬಸ್ಸು ಹತ್ತಿ ನನ್ನ ತವರು ಕಮಲಾಪುರಕ್ಕೆ ಹೋದೆ. ಅಲ್ಲಿ ನನ್ನ ಚಿಗವ್ವ ಶಾವಿಗೆ ಹೊಸೆಯಲು ಕುಳಿತರೆ ಓಣಿಯ ಹೆಂಗಸರು ನೋಡಲು ಬರುತ್ತಾರೆ. ಶಾವಿಗೆ ಎಷ್ಟು ಸಣ್ಣವೋ ಮನೆತನ ಅಷ್ಟು ದೊಡ್ಡದು, ಇದು ನಮ್ಮ ಕಡೆಯ ಅಳತೆ. ಲಿಯೆನ್ ಮಾತ್ರ ನೂಡಲ್ಸ್ ಚಪ್ಪಟೆಯಾಗಿ, ಕಿರುಬೆರಳಿನ ಅರ್ಧದಷ್ಟು ಅಗಲ ಇರಬೇಕೆಂದು ಬೆರಳು ತೋರಿಸಿ ಕಳಿಸಿದ್ದಳು. ಅದನ್ನೇ ಹೇಳಿದೆ.

“ಇಷ್ಟಗಲ?” ಚಿಗವ್ವ ಸೆರಗು ಬಾಯಿಗೆ ಹಿಡಿದಳು. “ಶಾವಗಿನೋ, ಎತ್ತಿಗಿ ಕಟ್ಟೋ ಮಗಡದ ಪಟ್ಟಿನೋ? ಅವರ ದೇಶದಾಗ ಹೆಣ್ಣು ನೋಡಾಕ ಬಂದವರು ಏನೂ ಅನ್ನಂಗಿಲ್ಲೇನು? ಪಾಪ, ಆ ಕೂಸು ಛಲೋ ಶಾವಗಿ ಕಂಡೇ ಇಲ್ಲ. ನಾ ಮಾಡಿಕೊಡ್ತೇನಿ ತಗೋ. ಅಕ್ಕೀದು ಮುರೀತದ, ಗೋಧೀದು ಮಾಡ್ತೇನಿ.”

ನನಗೂ ಅದು ಸರಿಯೆನ್ನಿಸಿತು. ಪರದೇಶದವಳೆದುರು ನಮ್ಮ ಮರ್ಯಾದೆ ಹೋಗಬಾರದಲ್ಲ! ಚಿಗವ್ವ ಹೊಸೆದ ಶಾವಿಗೆ ಕೂದಲಿಗಿಂತ ಸಣ್ಣಗಿದ್ದವು. ಉಸಿರು ಬಿಟ್ಟರೆ ಹಾರುವಂತಿದ್ದವು. ಹೆಮ್ಮೆಯಿಂದ ತಂದು ತೋರಿಸಿದೆ. ಲಿಯೆನ್ ಬಹಳ ಹೊತ್ತು ನೋಡಿ, ಮೆಲ್ಲಗೆ ಹೇಳಿದಳು, “ಚೆಂದ ಅದಾವ.” ಅಷ್ಟೇ. ಆ ‘ಅಷ್ಟೇ’ ನನಗೆ ಆಗ ಕೇಳಿಸಲಿಲ್ಲ.

ಇನ್ನು ಮೂಳೆ. ಫೋ ಎಂದರೆ ಮೂಳೆ ಬೇಯಿಸಿದ ನೀರು. ನಮ್ಮ ಮನೆಯಲ್ಲಿ ಮೂಳೆಯನ್ನು ಎಕ್ಸ್‌ರೇ ಫೋಟೋದಲ್ಲಿ ಬಿಟ್ಟರೆ ಯಾರೂ ಕಂಡವರಲ್ಲ. ಹುಣ್ಣಿಮೆಯಂದು ಅವಳ ಅಜ್ಜಿ ಮೂಲಂಗಿ, ಸುಟ್ಟ ಈರುಳ್ಳಿ ಹಾಕಿ ಮಾಂಸವಿಲ್ಲದ ಫೋ ಮಾಡುತ್ತಿದ್ದಳೆಂದು ಲಿಯೆನ್ ನೆನಪಿಸಿಕೊಂಡಳು. ಸಣ್ಣ ಉರಿಯ ಮೇಲೆ ಅರ್ಧ ದಿನ ಕುದಿಸಬೇಕಂತೆ.

“ಅರ್ಧ ದಿನ?” ನಾನು ನಕ್ಕೆ. ನಾನು ಬಿಎಸ್ಸಿ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ಒತ್ತಡ ಹೆಚ್ಚಿದಂತೆ ನೀರಿನ ಕುದಿಬಿಂದು ಏರುತ್ತದೆ ಎಂದು ವರ್ಷ ವರ್ಷ ಬೋರ್ಡಿನ ಮೇಲೆ ಬರೆದವಳು. ಮೂಲಂಗಿ, ಈರುಳ್ಳಿ, ನಕ್ಷತ್ರಹೂವು, ಜೊತೆಗೇ ಶಾವಿಗೆ, ಎಲ್ಲವನ್ನೂ ಆ ಭಾನುವಾರ ಕುಕ್ಕರಿಗೆ ಸುರಿದು ಮುಚ್ಚಳ ಬಿಗಿದೆ. ಮುಚ್ಚಳದ ಸೇಫ್ಟಿ ವಾಲ್ವು ಹಿಂದಿನ ತಿಂಗಳು ಸೋರುತ್ತಿತ್ತು. ನಳದ ಪೈಪಿಗೆ ಹಚ್ಚುವ ಸೀಲಿನಿಂದ ಅದನ್ನು ನಾನೇ ಭದ್ರಪಡಿಸಿದ್ದೆ. ಗ್ಯಾಸು ಉಳಿತಾಯವಾಗಲೆಂದು!

ಹೂವಿನ ವಾಸನೆ ಹೇಗೋ ಹೊರಬಂತು. ಲಿಯೆನ್ ಒಲೆಯ ಹತ್ತಿರ ಬಂದು, ಕಣ್ಣು ಮುಚ್ಚಿ, ಕುಕ್ಕರಿನ ಮೇಲೆ ಮುಖ ಬಾಗಿಸಿ ನಿಂತಳು. ಎಷ್ಟೋ ದಿನಗಳ ಮೇಲೆ ಅವಳ ಮುಖದಲ್ಲಿ ಬೆಳಗಾಗಿತ್ತು. ನಾನು ಅದನ್ನೇ ನೋಡುತ್ತ ಬಾಗಿಲಲ್ಲಿ ನಿಂತಿದ್ದೆ. ಸೀಟಿ ಬಾರದ್ದನ್ನು ಸಭ್ಯತೆ ಎಂದೇ ಬಿಟ್ಟುಬಿಟ್ಟಿದ್ದೆ.

ಕಾಂಪೌಂಡಿನ ಆಚೆಯಿಂದ ಪಕ್ಕದ ಮನೆಯ ಗುರುಬಾಯಿ ಕೂಗಿದಳು. ನಮ್ಮ ಸೀಟಿ ಎಣಿಸಿಯೇ ಅವಳು ತನ್ನ ಒಲೆ ಹಚ್ಚುವುದು. “ಟೀಚರ್, ಇವತ್ತ ಸೀಟಿನೇ ಇಲ್ಲಲ್ರೀ! ಹೋಗ್ಲಿ, ಆ ಹುಡುಗೀನ ಒಂದೀಟು ಕಳಸ್ರಿ. ಕೂದಲಕ್ಕ ಯಾವ ಎಣ್ಣಿ ಹಚ್ಚತಾಳ ಕೇಳಬೇಕಾಗ್ಯದ.”

“ಆಮ್ಯಾಲ ಬರ್ತಾಳ ತಗೋ.”

“ಈಗೇ ಕಳಸ್ರಿ, ನನ್ನ ತಂಗಿ ಊರಿಗಿ ಹೊಂಟಾಳ!”

ಬೇಸರದಿಂದಲೇ ಕರೆದೆ. ಲಿಯೆನ್ ಒಲ್ಲದ ಮನಸ್ಸಿನಿಂದ ಮುಖ ಎತ್ತಿ, ಅಂಗಳಕ್ಕೆ ಬಂದು, ಗುರುಬಾಯಿಗೆ ಕೈಮುಗಿದಳು.

ಢಂ!

ಮುಚ್ಚಳ ಛತ್ತಿಗೆ ಬಡಿದು, ಕಪಾಟಿನ ಗಾಜು ಒಡೆದು, ಸಿಂಕಿನಲ್ಲಿ ಬಿದ್ದು ಗಿರಗಿರ ತಿರುಗಿತು. ಗುರುಬಾಯಿ ಗೋಡೆಯ ಆಚೆ ಮಾಯವಾದಳು. ಪೇಟೆಯಿಂದ ಬಂದ ಶರಣಪ್ಪ ಚೀಲ ಹಿಡಿದು ಬಾಗಿಲಲ್ಲೇ ನಿಂತರು. ಛತ್ತಿನಿಂದ ಕಮಲಾಪುರದ ಶಾವಿಗೆ ಜಾಲರಿಯಂತೆ ಇಳಿಬಿದ್ದಿದ್ದವು. ಸೀಟಿ ಬರುವ ಕೊಳವೆಯ ತುಂಬ ಅದೇ ಶಾವಿಗೆ ಕರಗಿ ಅಂಟಾಗಿ ಕುಳಿತಿತ್ತು. ಅಷ್ಟು ಸಣ್ಣಗೆ ಹೊಸೆದಿದ್ದಳು ನನ್ನ ಚಿಗವ್ವ!

“ಯಾರಿಗೇನೂ ಆಗಿಲ್ಲಲ್ಲ?” ಎಂದು ಕೇಳಿ, ಇಲ್ಲವೆಂದು ತಿಳಿದ ಮೇಲೆಯೇ ಶರಣಪ್ಪ ಹೇಳಿದರು, “ಮದುವಿ ಮನಿ ಹಂಗ ಅಲಂಕಾರ ಮಾಡೀಯಲ್ಲ!”

ಲಿಯೆನ್ ಬಿಳಿಚಿದ ಮುಖದಲ್ಲಿ ಒಳಗೆ ಬಂದು, ಗೋಡೆಯಿಂದ ಒಂದು ಎಳೆ ಬಿಡಿಸಿ ಬಾಯಿಗಿಟ್ಟುಕೊಂಡಳು.

“ಹ್ಯಾಂಗದವ್ವಾ?” ನಾನು ಕೇಳಿದೆ.

ಅವಳು ಯೋಚಿಸಿದಳು. “ಸುಣ್ಣ ಸ್ವಲ್ಪ ಜಾಸ್ತಿ.”

ಎಲ್ಲರೂ ನಕ್ಕರು. ನನಗೆ ಮಾತ್ರ ನಗು ಬರಲಿಲ್ಲ. ಅಂದಿನಿಂದ ನಿದ್ದೆ ಹೋಯಿತು. ಕಣ್ಣು ಮುಚ್ಚಿದರೆ ಆ ಬಾಗಿದ ಮುಖ. ಗುರುಬಾಯಿಗೆ ಎಣ್ಣೆಯ ಚಪಲ ಇರದಿದ್ದರೆ? ಅವಳ ತಂಗಿ ಮರುದಿನ ಊರಿಗೆ ಹೋಗುವವಳಾಗಿದ್ದರೆ? ನಾನು ಇನ್ನೊಮ್ಮೆ “ಆಮ್ಯಾಲ” ಅಂದಿದ್ದರೆ? ಓಣಿಯಲ್ಲಿ ಯಾರ ಮನೆಯ ಕುಕ್ಕರು ಕೂಗಿದರೂ ನಾನು ಮಂಚದ ಮರೆಗೆ ಓಡುತ್ತಿದ್ದೆ. ಕೂಗದಿದ್ದರೆ ಅವರ ಮನೆಗೇ ಓಡುತ್ತಿದ್ದೆ! ಶರಣಪ್ಪ ತಂದ ಹೊಸ ಕುಕ್ಕರು ಡಬ್ಬಿಯಲ್ಲೇ ಉಳಿಯಿತು. ಬೇಳೆ ಬೋಗುಣಿಯಲ್ಲಿ ಅರ್ಧ ದಿನ ಬೆಂದಿತು.

ತಿಂಗಳು ಮುಗಿಯುತ್ತ ಬಂತು. ಲಿಯೆನ್ ಇನ್ನು ಹೊರಡುತ್ತಾಳೆ ಎಂದುಕೊಂಡೇ ಒಂದು ಸಂಜೆ ಊಟಕ್ಕೆ ಬಡಿಸಿದೆ. ಅವಳು ಬ್ಯಾಳಿಯ ಬಟ್ಟಲು ಎರಡೂ ಕೈಯಲ್ಲಿ ಎತ್ತಿ ಪೂರ್ತಿ ಕುಡಿದು ಕೆಳಗಿಟ್ಟಳು.

“ಟೀಚರ್, ನಾನು ಹೋಗಲ್ಲ.”

ನನಗೆ ನಂಬಿಕೆಯಾಗಲಿಲ್ಲ. “ಯಾಕವ್ವಾ?”

“ಈ ಊರಿನಲ್ಲಿ ಎಲ್ಲೋ ಒಂದು ಓಣಿಯಲ್ಲಿ ಫೋ ಇರಬಹುದು ಅಂತ ನಾನು ದಿನಾ ಮೂಗು ಎತ್ತಿಕೊಂಡು ನಡೀತಿದ್ದೆ. ಊಟಕ್ಕೆ ಕೂತರೂ ಮನಸ್ಸು ಅಲ್ಲೇ ಇರ್ತಿತ್ತು. ಈಗ ನೀವು ಎಲ್ಲಾ ಕಡೆ ಹುಡುಕಿದಿರಿ. ಇಲ್ಲ. ಎಲ್ಲೂ ಇಲ್ಲ. ಅದು ಅಮ್ಮನ ಹತ್ತಿರ ಮಾತ್ರ ಇದೆ. ಕೆಲಸ ಮುಗಿಸಿ ಹೋಗಿ ತಿಂತೀನಿ. ಕಾಯೋದು ಸುಲಭ ಟೀಚರ್, ಹುಡುಕೋದು ಕಷ್ಟ.” ಆಮೇಲೆ ನನ್ನ ಕೈ ಹಿಡಿದು ಸೇರಿಸಿದಳು, “ನೀವು ಮಾತ್ರ ಇನ್ನೊಮ್ಮೆ ಮಾಡಬ್ಯಾಡ್ರಿ.”

ಅಂದರೆ ವಿಜ್ಞಾನಕ್ಕೆ ನನ್ನ ಕೊಡುಗೆ ಇಷ್ಟು: ಕಲಬುರ್ಗಿ ಮತ್ತು ಕಮಲಾಪುರದಲ್ಲಿ ಫೋ ಇಲ್ಲವೆಂದು ಸ್ಫೋಟದ ಮೂಲಕ ಸಾಬೀತುಪಡಿಸಿದ್ದು!

ಅಂದು ನಾನು ಬೆಳಗಿನ ತನಕ ನಿದ್ದೆ ಮಾಡಿದೆ. ಹಾಲಿನವನು ಬಾಗಿಲು ಬಡಿದು ಬಡಿದು ಗುರುಬಾಯಿಯ ಮನೆಯಲ್ಲಿ ಹಾಲು ಕೊಟ್ಟು ಹೋಗಿದ್ದ. ಎದ್ದಾಗ ಶರಣಪ್ಪ ನನ್ನನ್ನೇ ವಿಚಿತ್ರವಾಗಿ ನೋಡುತ್ತಿದ್ದರು.

“ಏನ್ರೀ?”

“ನಿದ್ದಿಯಾಗ ಏನೋ ಕುಡಿಯಾಕತ್ತಿದ್ದಿ ನೀನು. ಸೊರ್ ಸೊರ್ ಅಂತ, ಎರಡೂ ಕೈಲೆ ಹಿಡಕೊಂಡು. ಮುಖದ ತುಂಬಾ ನಗಿ. ಆ ಸೂಪೇ ಇರಬೇಕು. ರುಚಿ ಹ್ಯಾಂಗಿತ್ತು?”

ಕಣ್ಣು ಮುಚ್ಚಿ ಎಷ್ಟು ನೆನಪಿಸಿಕೊಂಡರೂ ರುಚಿಯೊಂದು ನೆನಪಿಗೆ ಬರಲಿಲ್ಲ.