ಈಜುಗೊಳಕ್ಕೆ ಒಪ್ಪಿದವರು

ಊರ ಕೆಲಸಕ್ಕೆಂದು ಕಾಗದ ಹಿಡಿದು ಮನೆಮನೆ ತಿರುಗುವವನಿಗೆ ಇಂಥವು ಆಗುತ್ತಲೇ ಇರುತ್ತವೆ. ಆಗದ ದಿನ ಅವನು ಮನೆಯಿಂದ ಹೊರಟೇ ಇರುವುದಿಲ್ಲ. ನಾನು ಇಂಗ್ಲಿಷ್ ಶಾಲೆಯಲ್ಲಿ ಓದಿ, ಮಹಾರಾಷ್ಟ್ರದ ಗಡಿಯಲ್ಲಿರುವ ನಮ್ಮ ಉದಗೀರದ ಅಂಥದ್ದೇ ಇನ್ನೊಂದು ಶಾಲೆಯಲ್ಲಿ ಮುಖ್ಯಾಧ್ಯಾಪಕನಾಗಿ ನಿವೃತ್ತನಾದವನು. ಕಂಡದ್ದನ್ನು ಕಂಡ ಹಾಗೆ ಹೇಳಬೇಕು, ಕಾಣದ್ದನ್ನು ಹೇಳಬಾರದು ಎಂಬುದು ನನ್ನ ನಿಯಮ. ಈ ಕೆಳಗಿನವನ್ನೆಲ್ಲ ನಾನು ಕಂಡಿದ್ದೇನೆ, ಅದೇ ತೊಂದರೆ.

ವಿಷಯ ಇಷ್ಟು. ಊರ ಹೊರಗೆ ಒಂದು ಹಳೇ ಕಲ್ಲುಗಣಿ ಇದೆ. ಅದರಲ್ಲಿ ನಿಂತ ನೀರು ಬೇಸಿಗೆ ಬಂತೆಂದರೆ ಯಾರನ್ನಾದರೂ ಕರೆಯುತ್ತದೆ, ಕರೆದವರನ್ನು ಇಟ್ಟುಕೊಳ್ಳುತ್ತದೆ. ಹೋದ ಬೇಸಿಗೆಯಲ್ಲಿ ನಮ್ಮ ಓಣಿಯ ಅಣ್ಣತಮ್ಮಂದಿರಿಬ್ಬರು ಹೋದರು. ಇಬ್ಬರಿಗೂ ನಾನೇ ಜ್ಯಾಮಿತಿ ಕಲಿಸಿದ್ದೆ. ಈಜು ಕಲಿಸುವ ಜಾಗ ಊರಲ್ಲಿ ಎಲ್ಲೂ ಇರಲಿಲ್ಲ. ಕೋಟೆಯ ಹಿಂದಿನ ಖಾಲಿ ನಿವೇಶನದಲ್ಲಿ ಸಾರ್ವಜನಿಕ ಈಜುಗೊಳ ಆಗಲೇಬೇಕೆಂದು ಹಟ ಹಿಡಿದೆ. ನಗರ ಪರಿಷತ್ತಿನವರು ಹೇಳಿದರು: ವಾರ್ಡಿನ ಅರ್ಧಕ್ಕಿಂತ ಹೆಚ್ಚು ಮನೆಗಳು ಬರೆದುಕೊಟ್ಟರೆ ಈಜುಗೊಳ, ಇಲ್ಲವಾದರೆ ಅಲ್ಲಿ ಅಂಗಡಿ ಸಾಲು. ಸಮಿತಿಯೆಂದರೆ ಇಬ್ಬರು. ಧಾನ್ಯದ ಅಡತಿ ನಡೆಸುವ ಸಾವಕಾರರು ಅಧ್ಯಕ್ಷರು, ನಾನು ಕಾರ್ಯದರ್ಶಿ. ಅವರು ನಗುತ್ತಿದ್ದರು, ನಾನು ಬರೆದುಕೊಳ್ಳುತ್ತಿದ್ದೆ.

ನೀರು ಎಲ್ಲಿದೆ

ಯಾರ ಮನೆಗೆ ಹೋದರೂ ಮೊದಲ ಪ್ರಶ್ನೆ ಒಂದೇ: "ಕುಡೀಲಾಕ ನೀರಿಲ್ಲ, ಈಸಲಾಕ ಎಲ್ಲಿಂದ ತರ್ತೀರಿ ಸರ?" ಬೋರ್ ಹಾಕಿಸುತ್ತೇವೆ ಎಂದರೆ ನಂಬುವುದಿಲ್ಲ. ಸಾವಕಾರರು ನನ್ನನ್ನು ಕೇಳದೆ ದೇವಣಿಯಿಂದ ನೀರು ನೋಡುವವನೊಬ್ಬನನ್ನು ಕರೆಸಿದರು. ಅಂಗೈ ಮೇಲೆ ತೆಂಗಿನಕಾಯಿ ಅಡ್ಡ ಮಲಗಿಸಿಕೊಂಡು ನಡೆಯುತ್ತಾನೆ. ಕೆಳಗೆ ನೀರಿದ್ದಲ್ಲಿ ಕಾಯಿ ಎದ್ದು ನಿಲ್ಲುತ್ತದಂತೆ. ಇದು ಸ್ನಾಯುಗಳ ಚಲನೆಯಷ್ಟೇ ಎಂದು ನೆರೆದವರಿಗೆ ವಿವರಿಸುತ್ತ ನಾನು ಒಂದು ಮೂಲೆಯಲ್ಲಿ ನಿಂತಿದ್ದೆ. ಅವನು ನಿವೇಶನವನ್ನೆಲ್ಲ ಸುತ್ತಿ ನನ್ನ ಮುಂದೆ ಬಂದ. ಕಾಯಿ ಎದ್ದು ನಿಂತಿತು.

ನಾನು ಪಕ್ಕಕ್ಕೆ ಸರಿದೆ. ಕಾಯಿ ಮಲಗಿತು. ನಾನು ಹೋದಲ್ಲಿಗೆ ಅವನು ಬಂದ, ಕಾಯಿ ಮತ್ತೆ ಎದ್ದಿತು. ಬೇಲಿಯ ಹತ್ತಿರ ಹೋದೆ, ಅಲ್ಲೂ ಎದ್ದಿತು. ರಸ್ತೆ ದಾಟಿ ಪಾನಪಟ್ಟಿ ಅಂಗಡಿಯ ಮುಂದೆ ನಿಂತೆ. ಅಲ್ಲಿ ಕಾಯಿ ನಿಂತದ್ದಷ್ಟೇ ಅಲ್ಲ, ತುಸು ನನ್ನ ಕಡೆ ವಾಲಿತು. ಅವನ ಹಣೆಯಲ್ಲಿ ಬೆವರು. ಕಾಯಿಯನ್ನು ನೋಡದೆ ನನ್ನನ್ನೇ ನೋಡುತ್ತ, "ಸರ, ನೀವು ಎಂದಾರ ನೀರಾಗ ಬಿದ್ದೀರೇನ್ರಿ?" ಎಂದ.

"ಇಲ್ಲ."

"ಹಂಗಾರ ಬೀಳೂದು ಇನ್ನ ಅದ," ಎಂದವನೇ ಚೀಲ ಹೆಗಲಿಗೇರಿಸಿ ಬಸ್ ಸ್ಟ್ಯಾಂಡಿನ ಕಡೆ ನಡೆದ.

ಜನ ಒಬ್ಬೊಬ್ಬರೇ ನನ್ನಿಂದ ದೂರ ಸರಿದರು. ಸಾವಕಾರರು ಮಾತ್ರ ಬೋರಿನವನಿಗೆ ಫೋನ್ ಹಚ್ಚಿ ಕೇಳಿದರು: "ಜಾಗಾ ಸಿಕ್ಕದ. ಆದ್ರ ಅದು ಒಂದ ಕಡಿ ನಿಂದ್ರವಲ್ದು, ಏನ್ ಮಾಡೂದು?"

ಏಳನೆಯದು

ಓಣಿಯ ಹಿರಿಯಜ್ಜಿಯೊಬ್ಬಳು ಹೆಬ್ಬೆಟ್ಟು ಒತ್ತಲು ಒಪ್ಪಲಿಲ್ಲ. "ಆಸರಾ ಎಲ್ಲಿ ಕುಂದ್ರತಾರ, ಅದನ್ನ ಮೊದಲ ಹೇಳು." ಆಸರಾ ಎಂದರೆ ನೀರಿನ ಏಳು ಅಕ್ಕತಂಗಿಯರು. ನಮ್ಮ ಕಡೆ ಬಾವಿ, ಹಳ್ಳ ಎಲ್ಲಿದ್ದರೂ ದಂಡೆಯಲ್ಲಿ ಅವರ ಹೆಸರಿನ ಏಳು ಕಲ್ಲುಗಳಿರುತ್ತವೆ. ಅವರನ್ನು ಕೇಳದೆ ನೀರಿಗಿಳಿದವರನ್ನು ಅವರು ಬಿಡುವುದಿಲ್ಲವಂತೆ. "ಅಜ್ಜಿ, ನಕ್ಷೆಯಲ್ಲಿ ಅದಕ್ಕೆ ಜಾಗ ಇಲ್ಲ," ಎಂದೆ. "ನೀ ಜಾಗಾ ಕೊಡಾಂವ ಯಾರೋ?" ಎಂದಳು.

ಮೂರನೆಯ ಬೆಳಿಗ್ಗೆ ಆ ಒಣ ನಿವೇಶನದಲ್ಲಿ ಏಳು ಕಲ್ಲುಗಳು ಸಾಲಾಗಿ ಕೂತಿದ್ದವು. ಅರಿಶಿನ ಇನ್ನೂ ಹಸಿ. ನಾನು ಮನೆಗೆ ಹೋಗಿ ಬೀರುವಿನ ಬೀಗ ತೆಗೆದು ನಕ್ಷೆ ತಂದು, ಟೇಪು ಹಿಡಿದು ಅಳೆದೆ. ಕಲ್ಲುಗಳು ಕೂತದ್ದು ಸರಿಯಾಗಿ ಈಜುಗೊಳದ ಆಳದ ತುದಿಯ ಅಂಚಿನಲ್ಲಿ. ಅಂತರವೂ ಸಮ. ಆ ನಕ್ಷೆಯನ್ನು ಸಾವಕಾರರಿಗೂ ತೋರಿಸಿರಲಿಲ್ಲ. ಹೆದರಿ ಇನ್ನೊಮ್ಮೆ ಅಳೆದೆ, ಒಪ್ಪಿಕೊಳ್ಳುತ್ತೇನೆ. ಆದರೆ ಏಳನೆಯ ಕಲ್ಲು ಸಾಲು ಬಿಟ್ಟು ಒಂದು ಗೇಣು ಹಿಂದೆ ಇತ್ತು. ತಪ್ಪು ಸಿಕ್ಕಿದ್ದರಿಂದ ಧೈರ್ಯ ಬಂತು. ನೇರ ಅಜ್ಜಿಯ ಮನೆಗೆ ಹೋದೆ.

"ಇಟ್ಟವರು ಯಾರೇ ಇರಲಿ ಅಜ್ಜಿ, ಅಳತೆ ಬರುವುದಿಲ್ಲ ಅವರಿಗೆ. ಏಳನೆಯದು ಒಂದು ಗೇಣು ಹಿಂದಿದೆ."

ಅಜ್ಜಿ ಅಕ್ಕಿ ಆರಿಸುವುದನ್ನು ನಿಲ್ಲಿಸಲಿಲ್ಲ. "ಹೂಂ. ಅಕಿ ಸಣ್ಣಾಕಿ. ಆಳಕ್ಕ ಅಂಜತಾಳ."

ಬೆಂಚಿನ ಮೇಲೆ ಈಜು

ಈಜು ಎಷ್ಟು ಸುಲಭ ಎಂದು ಜನರಿಗೆ ತೋರಿಸಲು ನಮ್ಮ ಸಮಾಜದ ಸಭಾಮಂದಿರದಲ್ಲಿ ಒಂದು ಪ್ರಾತ್ಯಕ್ಷಿಕೆ ಇಟ್ಟೆವು. ನೀರಿಲ್ಲ, ಬೆಂಚು ಮಾತ್ರ. ಹರೆಯದಲ್ಲಿ, ಈಗ ಬತ್ತಿಹೋಗಿರುವ ಮಠದ ಬಾವಿಯಲ್ಲಿ ಎಷ್ಟೋ ಜನರಿಗೆ ಈಜು ಕಲಿಸಿದ್ದ ಮುದಿ ಅಯ್ಯನವರೊಬ್ಬರು ತಾವೇ ಮುಂದೆ ಬಂದರು. ಬೆಂಚಿನ ಮೇಲೆ ಬೋರಲು ಮಲಗಿ, ಉಸಿರು ಕಟ್ಟಿ, ಕೈ ಬೀಸತೊಡಗಿದರು. ಮೊದಲು ಜನ ನಕ್ಕರು. ಆಮೇಲೆ ಕೈ ನಿಧಾನವಾಯಿತು. ಆಮೇಲೆ ನಿಂತಿತು. ಉಸಿರಿನ ಸುಳಿವಿಲ್ಲ. ಒಬ್ಬ ಹೆಂಗಸು "ಅಯ್ಯೋ ಶಿವನ" ಎಂದು ಎದ್ದಳು. ನಾನು ಓಡಿಹೋಗಿ ಅವರ ರಟ್ಟೆ ಹಿಡಿದೆ. ಕೈ ಬಾವಿಯ ಕಲ್ಲಿನ ಹಾಗೆ ತಣ್ಣಗಿತ್ತು.

ಅಯ್ಯನವರು ಕಣ್ಣು ತೆರೆದು ಸಿಟ್ಟಿನಿಂದ ನೋಡಿದರು. "ಯಾಕ ಹಿಡದ್ರಿ? ಇನ್ನ ಆ ದಂಡಿ ಮುಟ್ಟಿದ್ದಿಲ್ಲ."

ಖುದ್ದು ಹಾಜರಿ

ಕೊನೆಗೆ ವಿಚಾರಣೆಯ ದಿನ ಬಂತು. ಒಪ್ಪಿದ ಮನೆಯವರನ್ನು ಪರಿಷತ್ತಿನ ಅಧಿಕಾರಿ ಎದುರಿಗೇ ನೋಡಿ ಎಣಿಸುವವರಿದ್ದರು. ಯಾರೂ ತಪ್ಪಿಸಿಕೊಳ್ಳಬಾರದೆಂದು ಸೂಚನಾಪತ್ರವನ್ನು ನಾನೇ ಬರೆದಿದ್ದೆ: "ಮನೆಪಟ್ಟಿಯಲ್ಲಿ ಯಾರ ಹೆಸರಿದೆಯೋ ಆ ಮಾಲೀಕರೇ ಖುದ್ದಾಗಿ ಹಾಜರಿರತಕ್ಕದ್ದು. ಯಾವ ನೆಪವನ್ನೂ ಒಪ್ಪಲಾಗುವುದಿಲ್ಲ." ನಮ್ಮ ಪೇಟೆಯ ಮನೆತನಗಳಲ್ಲಿ ಮನೆ ಇನ್ನೂ ಅಪ್ಪನ ಹೆಸರಲ್ಲಿ, ಅಜ್ಜನ ಹೆಸರಲ್ಲಿ ಇರುತ್ತದೆ ಎಂಬುದು ನನಗೆ ಹೊಳೆದಿರಲಿಲ್ಲ.

ಸಭಾಂಗಣಕ್ಕೆ ಕಾಲಿಟ್ಟವನು ಅಲ್ಲೇ ನಿಂತೆ. ಸಾಲುಸಾಲು ಕುರ್ಚಿಗಳ ಮೇಲೆ ಫೋಟೋಗಳು ಕೂತಿದ್ದವು. ಪೇಟಾ ಸುತ್ತಿದವರು, ವಿಭೂತಿ ಧರಿಸಿದವರು, ಹುರಿಮೀಸೆಯವರು. ಪಂಖದ ಗಾಳಿಗೆ ಚಂದನದ ಹಾರಗಳು ಅಲುಗುತ್ತಿದ್ದವು. ಮನೆಯವರಲ್ಲಿ ಹಲವರು ಗೋಡೆಗೆ ಆತು ನಿಂತಿದ್ದರು. ಅಷ್ಟೊಂದು ಕಣ್ಣುಗಳು ರೆಪ್ಪೆ ಬಡಿಯದೆ ನನ್ನನ್ನೇ ನೋಡುತ್ತಿದ್ದವು. ಜೀವನವಿಡೀ ಶಾಲೆ ನಡೆಸಿದವನು ನಾನು, ಅಂಥ ಶಿಸ್ತಿನ ಸಭೆಯನ್ನು ಕಂಡಿಲ್ಲ.

ಅಧಿಕಾರಿ ಮೊದಲ ಹೆಸರು ಓದಿ, "ಮಾಲಕ ಕುಠೆ?" ಎಂದು ಮರಾಠಿಯಲ್ಲಿ ಕೇಳಿದರು. "ಇಲ್ಲೇ ಅದಾರ್ರೀ," ಎಂದು ಗೋಡೆಯ ಕಡೆಯಿಂದ ಸೊಸೆಯ ದನಿ ಬಂತು.

ಅಂಗಡಿ ಸಾಲು ಬೇಕೆಂದಿದ್ದ ಬಟ್ಟೆ ವ್ಯಾಪಾರಿ ಎದ್ದು ಕೂಗಿದ: "ಸತ್ತವರು ಹೆಂಗ ಒಪ್ಪತಾರ್ರಿ?" ಎರಡನೆಯ ಸಾಲಿನಲ್ಲಿ ಅವನ ತಾಯಿ ಒಂದು ಫೋಟೋವನ್ನು ಸೆರಗಿನಿಂದ ಒರೆಸಿ ಅವನ ಕಡೆ ತಿರುಗಿಸಿದಳು. "ನಿಮ್ಮಪ್ಪ ಒಪ್ಪ್ಯಾನ. ಇಲ್ಲಂತ ಅಂವನ ಮುಖಾ ನೋಡಿ ಹೇಳು." ವ್ಯಾಪಾರಿ ಕೂತ.

ಅಧಿಕಾರಿ ಸೂಚನಾಪತ್ರವನ್ನು ಮತ್ತೊಮ್ಮೆ ಓದಿ, ಟೋಪಿ ತೆಗೆದು, ತಲೆ ಒರೆಸಿಕೊಂಡರು. ಮಾಲೀಕರು ಹಾಜರಿದ್ದಾರೆ, ವಾರಸುದಾರರು ಪಕ್ಕದಲ್ಲಿ ನಿಂತು ಸಹಿ ಹಾಕಲಿ ಎಂದರು. ಎಣಿಕೆ ಮುಗಿಯಿತು. ಒಂದು ಮನೆ ಕಡಿಮೆ. ಒಂದೇ ಮನೆಗಾಗಿ ಈಜುಗೊಳ ತಪ್ಪುವುದಿತ್ತು.

ಊರೆಲ್ಲ ತಿರುಗಿದ ನಾನು ನನ್ನ ಮನೆಯ ಸಹಿಯನ್ನೇ ಪಡೆದಿರಲಿಲ್ಲ. ನಾಚಿಕೆಯಿಂದ ಎದ್ದು ಹೇಳಿದೆ.

"ಪಟ್ಟಿಯಲ್ಲಿ ಯಾರ ಹೆಸರಿದೆ?" ಎಂದರು ಅಧಿಕಾರಿ.

"ನಮ್ಮ ತಂದೆಯವರದು."

"ನೆಪ ನಡೆಯುವುದಿಲ್ಲ ಎಂದು ನೀವೇ ಬರೆದಿದ್ದೀರಿ. ಎಲ್ಲಿದ್ದಾರೆ?"

ಹಿಂದಿನ ಸಾಲಿನಿಂದ ನನ್ನ ಹೆಂಡತಿ ಒಂದು ಚೌಕಟ್ಟನ್ನು ಮೇಲೆತ್ತಿ ಹಿಡಿದಳು.

"ಮಾವನೋರು ಇಲ್ಲೇ ಕುಂತಾರ್ರೀ. ನಿಮ್ಮ ನೋಟೀಸ್ ಓದಿದ ಮ್ಯಾಲ ಮನ್ಯಾಗ ಇರೋ ಧೈರ್ಯ ಅವರಿಗೂ ಆಗಲಿಲ್ಲ."