ಭಾವಂದಿರಿಗೆ ಇಡ್ಲಿ ಫ್ರೀ

ಕೇಳಿದ್ದಕ್ಕಷ್ಟೇ ಉತ್ತರ ಹೇಳುವವನು ನಮ್ಮ ತುಮಕೂರು ಸೀಮೆಯಲ್ಲಿ ಇನ್ನೂ ಹುಟ್ಟಿಲ್ಲ. ಬಸ್ ಎಷ್ಟೊತ್ತಿಗೆ ಅಂತ ಕೇಳಿ ನೋಡಿ. ಯಾರ ಮನೆಗೆ, ಏನು ವಿಶೇಷ, ನೀವು ಯಾರ ಪೈಕಿ ಅಂತೆಲ್ಲ ವಿಚಾರಿಸಿಕೊಳ್ಳುವಷ್ಟರಲ್ಲಿ ಬಸ್ಸೇ ಹೊರಟುಹೋಗಿರುತ್ತದೆ. ಈ ವಿದ್ಯೆಯಲ್ಲಿ ನನ್ನದು ಎತ್ತಿದ ಕೈ. ಕುಣಿಗಲ್ ಬಸ್ ಸ್ಟ್ಯಾಂಡಿನಲ್ಲಿ ಅಮೃತೂರಿನ ಬಸ್ ಕೇಳಿದವನೊಬ್ಬನನ್ನು ಎಷ್ಟು ಪ್ರೀತಿಯಿಂದ ಹುಲಿಯೂರುದುರ್ಗದ ಬಸ್ಸಿಗೆ ಹತ್ತಿಸಿದ್ದೆನೆಂದರೆ, ಪಾಪ, ಆತ ಕಿಟಕಿಯಿಂದ ಕೈ ಮುಗಿದು ಹೋದ. ಇಂಥ ನನ್ನನ್ನೂ ಮೀರಿಸುವ ಅಧಿಕಪ್ರಸಂಗಿ ನನ್ನ ಜೇಬಿನಲ್ಲೇ ಕೂತಿದ್ದಾನೆ ಅಂತ ಗೊತ್ತಾಗಿದ್ದು ಈಚೆಗೆ.

ನನ್ನ ಹೆಂಡತಿ ಗಿರಿಜಳ ತಮ್ಮ ರುದ್ರೇಶ ಗುಬ್ಬಿಯಲ್ಲಿ ತಟ್ಟೆ ಇಡ್ಲಿ ಹೋಟೆಲ್ ಇಟ್ಟಿದ್ದಾನೆ. ಒಂದು ದಿನ ಫೋನಿನಲ್ಲಿ ಅದರ ಹೆಸರು ಹುಡುಕಿದೆ. ಕೇಳಿದ್ದು ಹೆಸರೊಂದೇ. ಬಂದದ್ದು ಫೋಟೊ, ಬಾಗಿಲು ತೆಗೆಯುವ ಹೊತ್ತು, ಯಾವಾಗ ಜನ ಜಾಸ್ತಿ, ಜನ ಇನ್ನೇನೇನು ಕೇಳುತ್ತಾರೆ ಅನ್ನುವ ಪ್ರಶ್ನೆಗಳು. ಒಂದು ಪ್ರಶ್ನೆ ಮುಟ್ಟಿದರೆ ಅದರ ಕೆಳಗೆ ಇನ್ನಷ್ಟು. ಊಟದ ಪಂಕ್ತಿಯಲ್ಲಿ ಒಬ್ಬರಿಗೆ ಜಾಗ ಕೊಟ್ಟರೆ ಅವರ ಸಂಸಾರವೇ ಬಂದು ಕೂತ ಹಾಗೆ. ಎಲ್ಲಕ್ಕೂ ಮೇಲೆ ಒಂದು ಸಾರಾಂಶ. ಜನ ಅಲ್ಲಿ ಇಲ್ಲಿ ಬರೆದದ್ದನ್ನೆಲ್ಲ ಒಟ್ಟು ಮಾಡಿ, ನ್ಯಾಯ ಪಂಚಾಯ್ತಿಯ ಹಿರಿಯನ ಥರ ಅದು ತೀರ್ಪು ಕೊಡುತ್ತದೆ. ಯಾರು ಬೇಕಾದರೂ ಬರೆಯಬಹುದಂತೆ! ಇಂಥ ಜಾಗ ಖಾಲಿ ಬಿಟ್ಟರೆ ನಾನು ನಾನಾಗಿರಲು ಸಾಧ್ಯವೇ? ಭಾಮೈದನ ಹೋಟೆಲಿನಲ್ಲಿ ಭಾವ ಜೇಬಿಗೆ ಕೈ ಹಾಕಿದರೆ ಅದು ಭಾಮೈದನಿಗೆ ಅವಮಾನ, ಇದು ನಮ್ಮ ಕಡೆಯ ಪದ್ಧತಿ. ಆ ಪದ್ಧತಿಯನ್ನು ನಾನಂತೂ ಒಂದು ದಿನವೂ ಮುರಿದವನಲ್ಲ. ಅದನ್ನೇ ಅಭಿಪ್ರಾಯದ ಜಾಗದಲ್ಲಿ ಬರೆದೆ: “ಇಲ್ಲಿ ಭಾವಂದಿರಿಂದ ದುಡ್ಡು ತೆಗೆದುಕೊಳ್ಳುವುದಿಲ್ಲ. ಇಡ್ಲಿ ಮಾಲೀಕನ ಬುದ್ಧಿಗಿಂತ ಮೆತ್ತಗಿದೆ.”

ವಾರ ಕಳೆಯುವುದರೊಳಗೆ ರುದ್ರೇಶನ ಫೋನು ಬಂತು.

“ಭಾವ, ಏನ್ ಬರ್ದಿದೀರಾ ನೀವು?”

“ಯಾಕ್ಲಾ ರುದ್ರೇಶ, ವ್ಯಾಪಾರ ಜೋರಾ?”

“ಬಂದೋರೆಲ್ಲ ನಂಗೆ ಭಾವ ಆಗವ್ರೆ! ನಿಟ್ಟೂರಿಂದ ಒಂದ್ ಟೆಂಪೋ ತುಂಬಾ ಭಾವಂದ್ರು ಬಂದಿದ್ರು. ನಂಗಿರೋದು ಒಬ್ಳೇ ಅಕ್ಕ! ಒಬ್ಬ ಫೋನ್ ಮುಖಕ್ಕೆ ಹಿಡ್ದು ‘ಇಲ್ಲೇ ಬರ್ದೈತಲ್ಲಪ್ಪ ಭಾಮೈದ, ಚಟ್ನಿ ಹಾಕು’ ಅಂತಾನೆ. ಅದನ್ನ ತೆಗ್ಸೋವರ್ಗೂ ನಿಮ್ಮನೆ ಹೊಸ್ಲು ತುಳಿಯಲ್ಲ ನಾನು.”

ಹುಡುಕಿ ನೋಡಿದೆ. ಸಾರಾಂಶದ ಮೊದಲ ಸಾಲೇ “ಭಾವಂದಿರಿಗೆ ಇಡ್ಲಿ ಉಚಿತ” ಎಂದು ಹೇಳುತ್ತಿತ್ತು. ನನಗೆ ಹೆಮ್ಮೆಯೂ ಆಯಿತು, ಆದರೆ ಪಕ್ಕದಲ್ಲಿ ಗಿರಿಜ ನಿಂತಿದ್ದಳು. ಗೌರಿ ಹಬ್ಬ ಹತ್ತಿರದಲ್ಲಿತ್ತು.

“ಅಪ್ಪ ಹೋದ್ಮೇಲೆ ಒಂದ್ ವರ್ಷಾನೂ ಅವ್ನು ಬಾಗಿನ ತಪ್ಸಿಲ್ಲ ಕಣ್ರೀ,” ಅಂದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಬೈಯದೆ ಒಳಗೆ ಹೋದಳು.

ಬರೆದದ್ದನ್ನು ಅಳಿಸಿದೆ. ಸಾರಾಂಶ ಕದಲಲಿಲ್ಲ. ತಪ್ಪು ಉತ್ತರ ತೆಗೆಯುವುದು ಹೇಗೆ ಅಂತ ಅದನ್ನೇ ಕೇಳಿದೆ. ಅದು ಉತ್ತರದ ಜೊತೆಗೆ ಹತ್ತಿರದ ಇಡ್ಲಿ ಹೋಟೆಲುಗಳನ್ನೂ, ಇಡ್ಲಿ ಹಿಟ್ಟು ಹುಳಿ ಬರಿಸುವ ವಿಧಾನವನ್ನೂ, “ಭಾವನಿಗೆ ಯಾವ ಉಡುಗೊರೆ ಕೊಡಬೇಕು?” ಎಂಬ ಪ್ರಶ್ನೆಯನ್ನೂ ತಂದು ಹರಡಿತು. ಒಂದೊಂದನ್ನೇ ಮುಟ್ಟುತ್ತಾ ಹೋಗಿ, ಕೊನೆಗೆ ನಾನು ಯಾಕೆ ಕೂತಿದ್ದೇನೆ ಅನ್ನುವುದೇ ಮರೆತು, ಯಾವುದೋ ಊರಿನ ಉಪ್ಪಿನಕಾಯಿಯ ಬಗ್ಗೆ ಓದುತ್ತಿದ್ದೆ. ಬಸ್ ಸ್ಟ್ಯಾಂಡಿನಲ್ಲಿ ಜನರ ದಾರಿ ತಪ್ಪಿಸಿದವನಿಗೆ, ಮನೆಯ ಕುರ್ಚಿಯಲ್ಲಿ ಕೂತಲ್ಲೇ ದಾರಿ ತಪ್ಪಿತ್ತು.

ಅಳಿಸಿದರೆ ಹೋಗದಿದ್ದರೆ ಬರೆದೇ ಓಡಿಸಬೇಕು. ಹೊಸದಾಗಿ ಬರೆದೆ: “ಭಾವಂದಿರು ತಿಂದ ಮೇಲೆ ಹೋಟೆಲಿನ ತಟ್ಟೆಯನ್ನೆಲ್ಲ ತೊಳೆದುಕೊಟ್ಟು ಹೋಗಬೇಕು.” ಸ್ವಲ್ಪ ದಿನದಲ್ಲೇ ಸಾರಾಂಶ ಎರಡನ್ನೂ ಸೇರಿಸಿಕೊಂಡಿತು: ಭಾವಂದಿರಿಗೆ ಇಡ್ಲಿ ಉಚಿತ, ತಿಂದ ನಂತರ ತಟ್ಟೆ ತೊಳೆಯಬೇಕು. ನಿಟ್ಟೂರಿನ ಟೆಂಪೋ ಮತ್ತೆ ಆ ಕಡೆ ತಿರುಗಲಿಲ್ಲ. ಭಾಮೈದನ ಸಂಬಂಧ ಬೇಕು ಅನ್ನುವವರು ಇಡೀ ತಾಲ್ಲೂಕಿನಲ್ಲಿ ಒಬ್ಬರೂ ಉಳಿಯಲಿಲ್ಲ. ನನ್ನ ತಲೆಗೆ ನಾನೇ ಶಹಬ್ಬಾಸ್ ಅಂದುಕೊಂಡು, ಸಂಧಾನಕ್ಕೆಂದು ಗುಬ್ಬಿಗೆ ಹೋದೆ.

ರುದ್ರೇಶ ನಗುನಗುತ್ತಾ ಬೆಣ್ಣೆ ಹಾಕಿ ಬಡಿಸಿದ. ಹಬ್ಬಕ್ಕೆ ಬರುತ್ತೀಯಲ್ಲ ಅಂತ ಕೇಳಿ, ಕೈ ತೊಳೆದು ಹೊರಟೆ.

“ಭಾವ, ಎಲ್ಲಿಗೆ?” ಅಂದ. ಟೇಬಲ್‌ಗಳಲ್ಲಿ ಕೂತವರೆಲ್ಲ ಫೋನು ನೋಡಿ ನನ್ನ ಮುಖ ನೋಡುತ್ತಿದ್ದರು.

“ಏನ್ಲಾ ಇದು, ನಾನು ನಿಜವಾದ ಭಾವ ಕಣೋ!”

“ಅದ್ಕೇ ಭಾವ. ಸುಳ್ ಭಾವಂದ್ರನ್ನ ನಾನು ತಟ್ಟೆ ಮುಟ್ಟೋಕ್ ಬುಡ್ತೀನಾ? ಬಾಗಿನ ಬೇಕೋ ಬ್ಯಾಡ್ವೋ?”

ಅಂಗಿಯ ತೋಳು ಮಡಚಿದೆ. ಅಷ್ಟು ತಟ್ಟೆಗಳನ್ನು ನಾನು ನನ್ನ ಮದುವೆಯಲ್ಲೂ ಒಟ್ಟಿಗೆ ಕಂಡಿರಲಿಲ್ಲ.

ಹಬ್ಬದ ದಿನ ರುದ್ರೇಶ ಮೊರದ ಬಾಗಿನ ಹಿಡಿದು ಬಂದ. ಗಿರಿಜ ಕಣ್ಣು ಒರೆಸಿಕೊಂಡು ಅದನ್ನು ತೆಗೆದುಕೊಂಡಳು. ಎಲ್ಲ ಸುಖವಾಗಿ ಮುಗಿಯಿತು ಅಂತ ನಾನು ಹೋಳಿಗೆಗೆ ಕೈ ಹಾಕುವಾಗ ಆತ, “ಅಕ್ಕಾ, ಒಂದ್ಸಲ ಹೋಟ್ಲ್ ಹೆಸ್ರು ಹೊಡ್ದು ನೋಡು,” ಅಂದ. ನೋಡಿದಳು. ಮೊದಲ ಫೋಟೊದಲ್ಲಿ ನಲ್ಲಿಯ ಪಕ್ಕದಲ್ಲಿ, ತಟ್ಟೆಯ ರಾಶಿಯ ಮುಂದೆ, ಪಂಚೆ ಎತ್ತಿ ಕಟ್ಟಿದ ನಾನು. ಗಿರಿಜ ಎರಡು ಬೆರಳಲ್ಲಿ ಅದನ್ನು ದೊಡ್ಡದು ಮಾಡಿ, ಒಂದೊಂದು ತಟ್ಟೆಯನ್ನೂ ಪರೀಕ್ಷೆ ಮಾಡಿದಳು.

“ಫಳಫಳ ಅಂತೈತಲ್ರೀ!” ಅಂದಳು.

ಈಗ ಊಟವಾದ ಮೇಲೆ ನಾನು ಸೊಂಟ ಹಿಡಿದುಕೊಂಡು, ಈ ಪಾತ್ರೆ ತೊಳೆಯುವ ಕೆಲಸವೆಲ್ಲ ನನಗೆ ಎಲ್ಲಿ ಬರುತ್ತದೆ ಅಂತ ರಾಗ ಎಳೆದರೆ ಅವಳು ವಾದಕ್ಕೇ ಬರುವುದಿಲ್ಲ. ಸುಮ್ಮನೆ ಫೋನು ತೆಗೆದು ಹುಡುಕುತ್ತಾಳೆ.