ಆರನೇ ತರಗತಿ ಮುಗಿಸಿರುವ ನಮ್ಮ ಹೊಸ ಆಟಗಾರರ ಗಮನಕ್ಕೆ

ಸಿನ್ಸಿನಾಟಿ, ಜುಲೈ ಒಂಬತ್ತು, ಗುರುವಾರ. ಕಳೆದ ಸೋಮವಾರ ನಮ್ಮ ಊರಿನ ಬಾಸ್ಕೆಟ್‌ಬಾಲ್ ತಂಡವಾದ ಸ್ಟೀಮರ್ಸ್, ಡಾರ್ನೆಲ್ ವಿನ್‌ಬುಷ್ ಅವರನ್ನು ಪಶ್ಚಿಮದ ತಂಡವೊಂದಕ್ಕೆ ಬಿಟ್ಟುಕೊಟ್ಟಿತು. ಬದಲಿಗೆ, ಏಳು ವರ್ಷಗಳ ನಂತರ ಹೊಸ ಹುಡುಗರನ್ನು ಆರಿಸುವ ದಿನ ಎರಡನೇ ಸುತ್ತಿನಲ್ಲಿ ಒಬ್ಬರನ್ನು ಆರಿಸಿಕೊಳ್ಳುವ ಹಕ್ಕು ತಂಡಕ್ಕೆ ಬಂತು. ಆ ಒಬ್ಬರು ತಾವು.

ಮಾನ್ಯರೇ,

ತಮ್ಮ ಹೆಸರು ತಿಳಿಯದೆ ಪತ್ರ ಬರೆಯುತ್ತಿರುವುದನ್ನು ಮನ್ನಿಸಬೇಕು. ತಂಡದ ಕಚೇರಿಗೆ ಫೋನ್ ಮಾಡಿ ತಮ್ಮ ವಿಳಾಸ ಕೇಳಿದಾಗ, ಅಲ್ಲಿದ್ದ ಹೆಣ್ಣುಮಗಳು ಬಹಳ ಸೌಜನ್ಯದಿಂದ, "ಅವರು ಯಾರು ಅಂತ ನಮಗೂ ಗೊತ್ತಿಲ್ಲ ಮೇಡಂ, ಅವರಿಗೂ ಗೊತ್ತಿರಲ್ಲ" ಎಂದರು. ಹೀಗಾಗಿ ಈ ಪತ್ರವನ್ನು ಎಲ್ಲರಿಗೂ ಕಾಣುವಂತೆ ಪ್ರಕಟಿಸದೆ ಬೇರೆ ದಾರಿಯಿಲ್ಲ. ನನ್ನ ಅಂದಾಜು ಸರಿಯಿದ್ದರೆ ತಮಗೀಗ ಹನ್ನೆರಡು ವರ್ಷ, ಆರನೇ ತರಗತಿ ಮುಗಿದಿದೆ, ಶಾಲೆಗೆ ರಜೆಯಿದೆ, ತಾವು ಎಲ್ಲೋ ಒಂದು ಈಜುಕೊಳದ ಅಂಚಿನಲ್ಲಿ ಕಾಲು ಇಳಿಬಿಟ್ಟು ಐಸ್ ಕ್ಯಾಂಡಿ ಚೀಪುತ್ತಿದ್ದೀರಿ. ಆ ಸುಖಕ್ಕೆ ಅಡ್ಡ ಬರುವುದು ನನ್ನ ಉದ್ದೇಶವಲ್ಲ.

ಮೊದಲಿಗೆ ತಮಗೆ ಅಭಿನಂದನೆ ಸಲ್ಲಬೇಕು. ಸ್ಟೀಮರ್ಸ್ ತಂಡದಲ್ಲಿ ಇಂದಿನವರೆಗೆ ಒಂದು ಎಸೆತದಲ್ಲೂ ಗುರಿ ತಪ್ಪದ, ಗಾಯಗೊಂಡು ಒಂದು ಪಂದ್ಯದಿಂದಲೂ ಹೊರಗುಳಿಯದ, ತೀರ್ಪುಗಾರರ ಮೇಲೆ ಒಮ್ಮೆಯೂ ದನಿ ಏರಿಸದ ಆಟಗಾರರು ತಾವೊಬ್ಬರೇ. ತಮ್ಮ ನಡವಳಿಕೆಯನ್ನು ಉಳಿದವರು ನೋಡಿ ಕಲಿಯಲಿ ಎಂದು ನಾನು ಹಾರೈಸುತ್ತೇನೆ, ನೋಡುವುದು ಹೇಗೆಂಬುದನ್ನು ಅವರೇ ತೀರ್ಮಾನಿಸಿಕೊಳ್ಳಲಿ.

ಇನ್ನು ನನ್ನ ದೂರು. ತಮ್ಮಿಂದಾಗಿ ನನ್ನ ಪಕ್ಕದ ಸೀಟು ಖಾಲಿಯಾಗಿದೆ.

ಆ ಸೀಟು ಶ್ರೀ ಆರ್ವಿಲ್ ಟಿಬ್ಸ್ ಅವರದು. ಅವರು ನಗರದ ಬಸ್ಸು ಓಡಿಸಿ ನಿವೃತ್ತರಾದವರು. ಕ್ರೀಡಾಂಗಣದ ಮೇಲಿನ ಅಂತಸ್ತಿನಲ್ಲಿ, ಕಂಬವೊಂದು ಅಂಕಣದ ಬಲಮೂಲೆಯನ್ನು ಪೂರ್ತಿ ಮರೆಮಾಡುವ ಜಾಗದಲ್ಲಿ, ನಾವಿಬ್ಬರೂ ಎಷ್ಟೋ ಚಳಿಗಾಲಗಳನ್ನು ಅಕ್ಕಪಕ್ಕ ಕೂತು ಕಳೆದಿದ್ದೇವೆ. ವಿನ್‌ಬುಷ್ ಅವರು, ಎದುರಾಳಿಗಳು ಯಾರೂ ಅಡ್ಡ ಬರುವಂತಿಲ್ಲದ ಫ್ರೀ ಥ್ರೋ ಎಸೆಯುವ ಮುನ್ನ, ಬಗ್ಗಿ ಎಡಗಾಲಿನ ಕಾಲುಚೀಲವನ್ನು ಮೇಲೆಳೆದುಕೊಳ್ಳುತ್ತಿದ್ದರು, ಅದೇ ಕ್ಷಣಕ್ಕೆ ಇತ್ತ ಆರ್ವಿಲ್ ಕೂಡ ಬಗ್ಗಿ ತಮ್ಮ ಎಡಗಾಲಿನ ಕಾಲುಚೀಲವನ್ನು ಮೇಲೆಳೆದುಕೊಳ್ಳುತ್ತಿದ್ದರು. ಹಾಗೆ ಬಗ್ಗುವಾಗ ಅವರ ಬಿಯರ್ ಕಪ್ಪನ್ನು ಹಿಡಿದುಕೊಳ್ಳುವುದು ನನ್ನ ಕೆಲಸ. ಚೆಂಡು ಬುಟ್ಟಿಗೆ ಬಿದ್ದರೆ ಅವರು ನನ್ನ ಕಡೆ ತಿರುಗಿ, "ಕಾಲುಚೀಲ, ವಿಲ್ಮಾ, ಎಲ್ಲಾ ಕಾಲುಚೀಲದ್ದೇ ಮಹಿಮೆ!" ಎನ್ನುತ್ತಿದ್ದರು, ಬೀಳದಿದ್ದರೆ ಕಪ್ ಹಿಡಿದ ರೀತಿಯಲ್ಲಿ ತಪ್ಪು ಹುಡುಕುತ್ತಿದ್ದರು.

ಸೋಮವಾರ ಸುದ್ದಿ ಬಂದಾಗ ನಾವೆಲ್ಲ ಸ್ಟೋಯನ್ ಅವರ ಚಿಲ್ಲಿ ಅಂಗಡಿಯಲ್ಲಿದ್ದೆವು. ಪಂದ್ಯಗಳಿಲ್ಲದ ಬೇಸಿಗೆಯಲ್ಲಿ ಈ ಊರಿನ ಅಭಿಮಾನಿಗಳು ತಂಡವನ್ನು ಕಟ್ಟುವುದು ಅಲ್ಲಿಯೇ, ಸ್ಪಗೆಟ್ಟಿಯ ಮೇಲೆ ಚಿಲ್ಲಿ ಎನ್ನುವ ಮಾಂಸದ ಗಟ್ಟಿ ಸಾರು, ಅದರ ಮೇಲೆ ಗುಡ್ಡದಂತೆ ತುರಿದ ಚೀಸ್ ಇರುವ ತಟ್ಟೆಗಳ ಮುಂದೆ. ಅಲ್ಲಿ ಹುಟ್ಟುವ ಯೋಜನೆಗಳೆಲ್ಲ ಒಂದೇ ಬಗೆಯವು: ನಮ್ಮಲ್ಲಿ ಯಾರಿಗೂ ಬೇಡವಾದ ಮೂವರನ್ನು ಕೊಟ್ಟು ಇನ್ನೊಂದು ತಂಡದ ಮುಖ್ಯ ಆಟಗಾರನನ್ನು ತರುವುದು. ಸ್ಟೋಯನ್ ಅವರು ಗಲ್ಲಾದ ಹಿಂದಿನಿಂದ ಪ್ರತಿ ಸಲವೂ, "ತಣ್ಣಗಾದ ಮೂರು ಪ್ಲೇಟು ತಗೊಂಡು ಒಂದು ಬಿಸಿ ಪ್ಲೇಟು ಕೊಡ್ತೀನಾ ನಾನು? ಕೇಳಿ ನೋಡ್ರಪ್ಪಾ!" ಎಂದು ಕೂಗುತ್ತಾರೆ, ಆದರೂ ಯೋಜನೆಗಳು ನಿಂತಿಲ್ಲ.

ಆ ದಿನ ಮೇಜಿನ ಸುತ್ತ ಎಲ್ಲರೂ ತಮ್ಮನ್ನು ಬೈಯುತ್ತಿದ್ದರು, ಮಾನ್ಯರೇ. ತಮ್ಮ ಪರವಾಗಿ ವಾದಿಸಿದವಳು ನಾನೊಬ್ಬಳೇ. ವಿನ್‌ಬುಷ್ ಅವರಿಗೆ ಮೂವತ್ತನಾಲ್ಕು ವರ್ಷವಾಯಿತು, ಅವರು ಹೋದರೆ ತಂಡವೊಂದು ಆಟಗಾರರಿಗೆಲ್ಲ ಸೇರಿ ಕೊಡಬಹುದಾದ ಸಂಬಳದ ಮಿತಿಯೊಳಗೆ ಜಾಗ ಸಿಗುತ್ತದೆ, ಆ ಜಾಗದಲ್ಲಿ ಒಪ್ಪಂದ ಮುಗಿಸಿ ಬಿಡುವಾಗಿರುವ, ಏಳಡಿ ಎತ್ತರದ ಲಿಥುವೇನಿಯಾದ ಆಟಗಾರರೊಬ್ಬರನ್ನು ಕರೆತರಬಹುದು, ಜೊತೆಗೆ ಏಳು ವರ್ಷದ ಮೇಲೆ ಒಬ್ಬ ಯುವಕ, ಅಂದರೆ ತಾವು, ಬಂದೇ ಬರುತ್ತೀರಿ ಎಂದು ಒಂದೊಂದಾಗಿ, ಸಮಾಧಾನದಿಂದ ವಿವರಿಸಿದೆ. ಆರ್ವಿಲ್ ಫೋರ್ಕನ್ನು ಕೆಳಗಿಟ್ಟರು.

"ನೋಡಮ್ಮ, ನನಗೀಗ ಎಪ್ಪತ್ತಾರು," ಎಂದರು. "ನಿನ್ನ ಹುಡುಗ ಇನ್ನೂ ಸ್ಕೂಲ್ ಬಸ್ಸಲ್ಲಿ ಚೂಯಿಂಗ್ ಗಮ್ ಅಂಟಿಸ್ತಾ ಇದ್ದಾನೆ. ಅಂಥವರನ್ನ ನಾನು ಬೇಕಾದಷ್ಟು ನೋಡಿದೀನಿ. ಅವನು ಬೆಳೆಯೋವರೆಗೂ ನಾನು ಆ ಕಂಬ ನೋಡ್ತಾ ಕೂತಿರ್ಲಾ?"

ಕಾಯುವುದರಲ್ಲಿ ತಪ್ಪೇನಿದೆ ಎಂದು ನಾನು ಕೇಳಿದೆ. ಅದನ್ನು ಕೇಳಬಾರದಿತ್ತೇನೋ.

"ಕಾಯ್ತೀಯಾ? ಕಾಯಿ. ನನ್ನ ಸೀಟಲ್ಲಿ ಅವನನ್ನೇ ಕೂರಿಸ್ಕೋ," ಎಂದವರೇ ಟೋಪಿ ತೆಗೆದುಕೊಂಡು ಎದ್ದು ಹೋದರು. ತಟ್ಟೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹಾಗೆಯೇ ಉಳಿದಿತ್ತು. ಅವರ ತಟ್ಟೆಯಲ್ಲಿ ಚಿಲ್ಲಿ ಉಳಿದದ್ದನ್ನು ಈವರೆಗೆ ಕಂಡೇ ಇಲ್ಲ ಎನ್ನುತ್ತಾ ಸ್ಟೋಯನ್ ಆ ತಟ್ಟೆಯನ್ನು ಬಹಳ ಹೊತ್ತು ಎತ್ತಲೇ ಇಲ್ಲ.

ಮರುದಿನ ಆ ಏಳಡಿಯವರು ಸಮುದ್ರತೀರದ ಊರೊಂದರ ತಂಡಕ್ಕೆ ಸಹಿ ಹಾಕಿದರು. ಅವರಿಗಾಗಿ ಮಾಡಿಟ್ಟ ಜಾಗ ಈಗಲೂ ಇದೆ, ಬಹಳ ವಿಶಾಲವಾಗಿದೆ. ಆರ್ವಿಲ್ ತಮ್ಮ ರೇಡಿಯೋವನ್ನು ಗ್ಯಾರೇಜಿಗೆ ಹಾಕಿ ಬೀಗ ಜಡಿದಿದ್ದಾರೆಂದೂ ಬಾಸ್ಕೆಟ್‌ಬಾಲ್ ಮಾತೆತ್ತಿದವರಿಗೆ ಗುಡ್ ಬೈ ಹೇಳುತ್ತಿದ್ದಾರೆಂದೂ ಸುದ್ದಿ. ನಮ್ಮ ಎರಡು ಸೀಟುಗಳು ಇಬ್ಬರ ಹೆಸರಿನಲ್ಲೂ ಒಟ್ಟಿಗೆ ಇವೆ. ಈ ಚಳಿಗಾಲದ ಸೀಟುಗಳ ಕಾಗದಕ್ಕೆ ತಿಂಗಳ ಕೊನೆಯೊಳಗೆ ಅವರ ಸಹಿ ಬೀಳದಿದ್ದರೆ ಅವರ ಸೀಟು ಯಾರೋ ಅಪರಿಚಿತರ ಪಾಲಾಗುತ್ತದೆ, ಮತ್ತು ಆ ಅಪರಿಚಿತರು ಪಂದ್ಯದ ಉದ್ದಕ್ಕೂ ಫೋನ್ ನೋಡುವವರೇ ಆಗಿರುತ್ತಾರೆ ಎಂಬುದರಲ್ಲಿ ನನಗೆ ಸಂಶಯವಿಲ್ಲ.

ಆದ್ದರಿಂದ ತಮ್ಮಲ್ಲಿ ಕೆಲವು ವಿನಂತಿಗಳಿವೆ. ತಾವು ಏಳು ವರ್ಷ ತೆಗೆದುಕೊಳ್ಳದೆ, ಸಾಧ್ಯವಾದರೆ ಪಂದ್ಯಗಳು ಶುರುವಾಗುವ ಈ ಅಕ್ಟೋಬರಿನೊಳಗೆ ಬೆಳೆದುಬಿಡಬೇಕು. ಅಷ್ಟು ಅವಸರ ಆಗದೆಂದರೆ, ದಿನಕ್ಕೆರಡು ಲೋಟ ಹಾಲನ್ನಾದರೂ ತಪ್ಪಿಸಬಾರದು. ತಮ್ಮ ತಂದೆ ತಾಯಿ ಎತ್ತರದವರಲ್ಲದಿದ್ದರೆ ಆ ವಿಷಯದಲ್ಲಿ ಅವರೊಂದಿಗೆ ಗಂಭೀರವಾಗಿ ಮಾತಾಡಬೇಕು. ಸ್ಕೂಲ್ ಬಸ್ಸಿನ ಸೀಟಿಗೆ ಏನನ್ನೂ ಅಂಟಿಸಬಾರದು, ಅದು ಇಲ್ಲೊಬ್ಬರಿಗೆ ಗೊತ್ತಾಗುತ್ತದೆ. ಫ್ರೀ ಥ್ರೋ ಅಭ್ಯಾಸ ಮಾಡುವಾಗ, ಎಸೆಯುವ ಮುನ್ನ ದಯವಿಟ್ಟು ಎಡಗಾಲಿನ ಕಾಲುಚೀಲವನ್ನು ಮೇಲೆಳೆದುಕೊಳ್ಳಬೇಕು. ಬಲಗಾಲಿನದಲ್ಲ. ತಾವು ಬರುವ ಹೊತ್ತಿಗೆ ಆರ್ವಿಲ್ ಅವರಿಗೆ ಎಂಬತ್ತಮೂರು, ಅವರು ಬಗ್ಗಲು ಸ್ವಲ್ಪ ಹೆಚ್ಚು ಸಮಯ ತೆಗೆದುಕೊಳ್ಳಬಹುದು. ತಾವು ಅಲ್ಲಿಯವರೆಗೆ ಚೆಂಡು ಹಿಡಿದು ಕಾಯಬೇಕೆಂದು ಕೋರುತ್ತೇನೆ. ಕಪ್ಪಿನ ಜವಾಬ್ದಾರಿ ನನ್ನದು.

ಅಲ್ಲಿಯವರೆಗೂ, ತಮ್ಮ ಪರ ಮಾತಾಡಿದ ತಪ್ಪಿಗೆ, ಒಂಟಿಯಾಗಿ ಕಂಬ ನೋಡುತ್ತಾ ಕೂರಲು ಸಿದ್ಧಳಾಗಿರುವ, ಸದ್ಯಕ್ಕಂತೂ

ತಮ್ಮ ವಿಶ್ವಾಸಿ,
ವಿಲ್ಮಾ ನೀಹೌಸ್

ಪತ್ರಿಕೆಗೆ ಕಳಿಸುವ ಮುನ್ನ ಸೇರಿಸಿದ್ದು: ಈಗಷ್ಟೇ ರೇಡಿಯೋದಲ್ಲಿ ಕೇಳಿದೆ. ಸ್ಟೀಮರ್ಸ್ ತಮ್ಮನ್ನು ಪಿಟ್ಸ್‌ಬರ್ಗಿನ ತಂಡಕ್ಕೆ ಕೊಟ್ಟುಬಿಟ್ಟಿದೆ. ನಮಗೆ ಬದಲಾಗಿ ಸಿಕ್ಕವರಿಗೆ ಮೂವತ್ತೇಳು ವರ್ಷ, ಒಂದು ಮೊಣಕಾಲು ಸರಿಯಿಲ್ಲ. ನಮ್ಮ ತಂಡದಲ್ಲಿ ತಾವಿದ್ದದ್ದು ಮೂರು ದಿನ, ಆ ಮೂರೂ ದಿನ ತಮ್ಮ ದಾಖಲೆ ನಿಷ್ಕಳಂಕ. ಪಿಟ್ಸ್‌ಬರ್ಗಿನವರ ಬಗ್ಗೆ ನಮಗಿರುವ ಅಭಿಪ್ರಾಯ ತಮಗೆ ತಿಳಿದಿರಲಾರದು, ಆದ್ದರಿಂದ ನೇರವಾಗಿ ಹೇಳುತ್ತೇನೆ: ಮೇಲಿನ ವಿನಂತಿಗಳನ್ನೆಲ್ಲ ಹಿಂತೆಗೆದುಕೊಂಡಿದ್ದೇನೆ, ಹಾಲು ಕುಡಿಯುವ ಅಗತ್ಯವಿಲ್ಲ, ಕಾಲುಚೀಲವನ್ನು ಮುಟ್ಟಲೇಬೇಡಿ.

ಈ ಸುದ್ದಿ ಆರ್ವಿಲ್ ಅವರಿಗೆ ತಲುಪಿರುವುದಿಲ್ಲ, ಅವರ ರೇಡಿಯೋ ಗ್ಯಾರೇಜಿನಲ್ಲಿದೆ. ಯಾರಾದರೂ ಹೋಗಿ ಹೇಳಬೇಕು, ಮತ್ತು ಅವರು ನಗುವಾಗ ಎದುರಿಗಿರಬೇಕು. ನಾನೇ ಹೋಗುವುದೆಂದು ತೀರ್ಮಾನಿಸಿದ್ದೇನೆ. ಸಹಿ ಹಾಕಬೇಕಾದ ಕಾಗದ ಕೈಚೀಲದಲ್ಲಿದೆ, ಸ್ಟೋಯನ್ ಕಟ್ಟಿಕೊಟ್ಟ ಚಿಲ್ಲಿ ಇನ್ನೂ ಬಿಸಿಯಿದೆ. ಬಾಗಿಲ ಬಳಿಯ ಕುರ್ಚಿಯಲ್ಲಿ ಕೂತು ಎಡಗಾಲಿನ ಕಾಲುಚೀಲವನ್ನು ಮೇಲೆಳೆದುಕೊಂಡಿದ್ದೇನೆ. ಇನ್ನು ಏಳಬೇಕು.